ಕಾವೇರಿಯ ದಡದಲ್ಲಿ ಒಂದು ಪಾಠ

ಅಗಸ್ತ್ಯರ ಕಮಂಡಲುವನ್ನು ಕಾಗೆಯು ಉರುಳಿಸಿತೆಂಬ ಕಥೆಯನ್ನು ಮಕ್ಕಳಿಗೆ ಹೇಳಿ, ಕಾವೇರಿಯ ಪಾಠವು ಮುಗಿಯಿತೆಂದು ನಾವು ತಿಳಿಯುವುದುಂಟು. ಆ ನೀರು ಹರಿದು ಯಾರನ್ನು ಸಾಕುತ್ತಿದೆಯೆಂಬುದನ್ನು ಕಣ್ಣಾರೆ ತೋರಿಸಬೇಡವೆ? ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಅವರನ್ನು ಕರೆದೊಯ್ಯಬೇಕು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸರ್ಕಾರವು ಪಕ್ಷಿಧಾಮವಾಗಿಸಿದ ಸ್ಥಳವದು. ಚಮಚದಂತಹ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುವ ಹಕ್ಕಿಗಳನ್ನೂ, ಬಂಡೆಯ ಮೇಲೆ ಬಾಯ್ದೆರೆದು ಬಿಸಿಲು ಕಾಯುವ ಮೊಸಳೆಗಳನ್ನೂ ಮಕ್ಕಳೇ ಎಣಿಸಲಿ. ಉಪಾಧ್ಯಾಯರು ಸುಮ್ಮನಿದ್ದರೆ ಸಾಕು.

ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ತಗ್ಗಿನ ಗೂಡುಗಳು ಮುಳುಗುವುದುಂಟು. ಇದನ್ನು ಕೇಳಿದ ಹುಡುಗಿಯೊಬ್ಬಳು, “ಮರಿಗಳು?” ಎಂದಳು. ನಾವು ಉತ್ತರಿಸಲಾರದೆ ಹೋದೆವು. ಮರುದಿನ ಅವಳು ಹೇಳಿದ ಅಗಸ್ತ್ಯರ ಕಥೆಯಲ್ಲಿ, ನೀರು ಉರುಳುವ ಮೊದಲೇ ಕಾಗೆಯು ಎತ್ತರದ ಕೊಂಬೆಯಲ್ಲಿ ಗೂಡು ಕಟ್ಟಿಕೊಂಡಿತ್ತು.