ಬಿಸಿಲೂರಿಗೆ ಗಾಜಿನ ಕಚೇರಿ ಏಕೆ?

ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿಯಲ್ಲಿ ಗಾಜಿನ ಮುಖದ ಕಚೇರಿ ಕಟ್ಟುವುದು ಬಿಸಿಲನ್ನು ಮನೆಗೆ ಕರೆದಂತೆ. ವಿದ್ಯುತ್ ಕೈಕೊಟ್ಟರೆ ನೌಕರನೂ ಬೇಯಬೇಕು, ಅರ್ಜಿ ಹಿಡಿದು ಬಂದ ರೈತನೂ ಬೇಯಬೇಕು.

ಇದೇ ಊರಿನ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ನೆರಳು, ಪಕ್ಕದ ಕಮಾನುಗಳಿಂದ ಗಾಳಿ, ಬೆಳಕು. ಆ ಪಾಠ ಇಂದಿಗೂ ಸಲ್ಲುತ್ತದೆ. ಪೂರ್ವ-ಪಶ್ಚಿಮದ ಗೋಡೆಗಳನ್ನು ಕಿರಿದಾಗಿಸಿ, ಕಿಟಕಿಗಳನ್ನು ಉತ್ತರ-ದಕ್ಷಿಣಕ್ಕಿಟ್ಟು ಛಜ್ಜಾ ಹಾಕಬೇಕು. ಶಹಾಬಾದ್ ಕಲ್ಲಿನ ದಪ್ಪ ಗೋಡೆ ಹಗಲಿಡೀ ಹೀರಿದ ಕಾವು ಒಳಗೆ ತಲುಪುವ ಹೊತ್ತಿಗೆ ಕಚೇರಿ ಖಾಲಿಯಾಗಿರುತ್ತದೆ. ಒಳಗಿನ ಅಡ್ಡಗೋಡೆಗಳು ಸರಿಸುವಂತಿದ್ದರೆ ಇಂದಿನ ಕಚೇರಿ ನಾಳೆ ತರಬೇತಿ ಕೇಂದ್ರವಾದೀತು.

ತಾಲ್ಲೂಕು ಕೇಂದ್ರವಾಗಿ ಬೆಳೆಯುತ್ತಿರುವ ಕಮಲಾಪುರಕ್ಕೆ ಆಯ್ಕೆಯ ಅವಕಾಶ ಇನ್ನೂ ಇದೆ. ನಕ್ಷೆಗೆ ಸಹಿ ಹಾಕುವ ಮುನ್ನ ಸೂರ್ಯನ ದಾರಿ ನೋಡಲಿ. ಇಲ್ಲವಾದರೆ ತಂಪಿನ ಬಿಲ್ಲನ್ನು ವರ್ಷವರ್ಷವೂ ತೆರುವವರು ನಾವೇ.