ಗೂಢಲಿಪಿ ಇದ್ದರೆ ಸಾಲದು, ವಿಧಾನವನ್ನೂ ವಿಚಾರಿಸಿ

ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿರುವ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ತಂತ್ರಾಂಶ ಮಾರುವವರು ನೀಡುವ ಭರವಸೆ ಒಂದೇ: 'ಇದರಲ್ಲಿ ಎಇಎಸ್-256 ಗೂಢಲಿಪಿ ಇದೆ.' ಈ ಉತ್ತರ ಅರ್ಧ ಮಾತ್ರ. ಅದನ್ನು ಯಾವ ವಿಧಾನದಲ್ಲಿ, ಅಂದರೆ ಯಾವ 'ಮೋಡ್'ನಲ್ಲಿ ಬಳಸಲಾಗಿದೆ ಎಂಬುದೂ ಅಷ್ಟೇ ಮುಖ್ಯ.

ಎಇಎಸ್ ಒಂದು ಬಾರಿಗೆ 16 ಬೈಟ್‌ಗಳ ಒಂದು ಖಂಡವನ್ನು ಮಾತ್ರ ಗೂಢರೂಪಕ್ಕೆ ತರುತ್ತದೆ. ದೊಡ್ಡ ಕಡತದ ಅನೇಕ ಖಂಡಗಳನ್ನು ನಿರ್ವಹಿಸುವ ಕ್ರಮವೇ ಮೋಡ್.

ಇಸಿಬಿ: ಇಲ್ಲಿ ಪ್ರತಿ ಖಂಡವನ್ನೂ ಅದೇ ಕೀಲಿಯಿಂದ ಬಿಡಿಬಿಡಿಯಾಗಿ ಮುಚ್ಚಲಾಗುತ್ತದೆ, ಸಮಾನ ಖಂಡಗಳಿಗೆ ಸಮಾನ ಗೂಢರೂಪವೇ ಬರುತ್ತದೆ. ಹೊಸಪೇಟೆಯ ಕಾರ್ಖಾನೆಯೊಂದರ ವೇತನಪಟ್ಟಿಯಲ್ಲಿ ಪ್ರತಿಯೊಬ್ಬರ ಸಂಬಳವೂ ಒಂದೊಂದು ಖಂಡದಲ್ಲಿದೆ ಎಂದು ಭಾವಿಸಿ. ಯಾರ ಯಾರ ಸಂಬಳ ಸಮ ಎಂಬುದು ಕೀಲಿಯಿಲ್ಲದವನಿಗೂ ತಿಳಿಯುತ್ತದೆ. ಕಡತ ಕೈಗೆ ಸಿಕ್ಕರೆ ವ್ಯವಸ್ಥಾಪಕರ ಸಂಬಳದ ಖಂಡವನ್ನು ಕಾವಲುಗಾರನ ಸಾಲಿಗೆ ನಕಲಿಸಲೂ ಸಾಧ್ಯ. 2013ರಲ್ಲಿ ಅಡೋಬಿ ಸಂಸ್ಥೆಯಿಂದ ಸೋರಿದ ಪಾಸ್‌ವರ್ಡ್‌ಗಳನ್ನು ಹಳೆಯ ಟ್ರಿಪಲ್ ಡಿಇಎಸ್ ಗೂಢಲಿಪಿಯಿಂದ ಇದೇ ವಿಧಾನದಲ್ಲಿ ಮುಚ್ಚಲಾಗಿತ್ತು. ಒಂದೇ ಪಾಸ್‌ವರ್ಡ್ ಬಳಸಿದವರೆಲ್ಲರೂ ಗುಂಪುಗುಂಪಾಗಿ ಗೋಚರಿಸಿದರು.

ಸಿಬಿಸಿ: ಖಾತೆಪುಸ್ತಕದಲ್ಲಿ ಹಿಂದಿನ ಪುಟದ ಮೊತ್ತವನ್ನು ಮುಂದಕ್ಕೆ ತರುವಂತೆ, ಹಿಂದಿನ ಖಂಡದ ಗೂಢರೂಪವನ್ನು ಮುಂದಿನ ಖಂಡದೊಡನೆ ಬೆರೆಸಿ ಮುಚ್ಚಲಾಗುತ್ತದೆ. ಆರಂಭಿಕ ಶಿಲ್ಕಿನ ಸ್ಥಾನದಲ್ಲಿ ಪ್ರತಿ ಬಾರಿಯೂ ಊಹಿಸಲಾಗದ ಹೊಸ ಸಂಖ್ಯೆಯಿರಬೇಕು. ಸಾಮ್ಯ ಮರೆಯಾಗುತ್ತದೆಯಾದರೂ ತಿದ್ದುಪಡಿಯನ್ನು ಪತ್ತೆಹಚ್ಚುವ ಶಕ್ತಿ ಇದಕ್ಕಿಲ್ಲ.

ಜಿಸಿಎಂ: 2007ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಈ ವಿಧಾನವನ್ನು ಶಿಫಾರಸು ಮಾಡಿತು. ಇದು ಮಾಹಿತಿಯನ್ನು ಮುಚ್ಚುವುದರ ಜೊತೆಗೆ ಕೊನೆಯಲ್ಲಿ ಮುದ್ರೆಯನ್ನೂ ಒತ್ತುತ್ತದೆ. ಒಂದಕ್ಷರ ತಿದ್ದಿದರೂ ಮುದ್ರೆ ತಾಳೆಯಾಗದು. ಆದರೆ ಇದರಲ್ಲಿ ಬಳಸುವ ಆರಂಭಸಂಖ್ಯೆ, ಬಿಲ್ಲಿನ ಕ್ರಮಸಂಖ್ಯೆಯಂತೆ, ಒಂದೇ ಕೀಲಿಯಡಿ ಎಂದಿಗೂ ಪುನರಾವರ್ತನೆಯಾಗಬಾರದು.

5 ಕೋಟಿ ರೂ. ವಹಿವಾಟು ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ತಂತ್ರಾಂಶಗಳನ್ನು ಆ ಜಾಲಕ್ಕೆ ಜೋಡಿಸಲು ಪ್ರಕಟಿಸಿರುವ ಸೂಚನೆಗಳಲ್ಲಿಯೂ ಇಸಿಬಿಯೇ ನಮೂದಾಗಿದೆ. ಇದರಿಂದ ಗಾಬರಿಯಾಗಬೇಕಿಲ್ಲ. ಅಲ್ಲಿ ಕೀಲಿ ಆಗಾಗ್ಗೆ ಬದಲಾಗುತ್ತದೆ. ಮಾಹಿತಿ ಸಾಗುವ ಮಾರ್ಗಕ್ಕೂ ಪ್ರತ್ಯೇಕ ರಕ್ಷಣೆಯಿದೆ. ನಮ್ಮ ಅಂಗಡಿಯ ಗಣಕದಲ್ಲಿ ವರ್ಷಗಟ್ಟಲೆ ಒಂದೇ ಕೀಲಿಯಡಿ ಕೂರುವ ಕಡತಕ್ಕೆ ಆ ಅನುಕೂಲವಿಲ್ಲ.

ಆದುದರಿಂದ ತಂತ್ರಾಂಶ ಖರೀದಿಸುವ ಮುನ್ನ ಸದಸ್ಯರು ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಒಳಿತು: ಬಳಸಿರುವ ಮೋಡ್ ಯಾವುದು? ಆರಂಭಸಂಖ್ಯೆ ಪ್ರತಿ ಬಾರಿಯೂ ಹೊಸದೇ? ಕಡತವನ್ನು ಯಾರಾದರೂ ತಿದ್ದಿದರೆ ತಂತ್ರಾಂಶ ಪತ್ತೆಹಚ್ಚುವುದೇ?