ಆಫರ್ ಲೆಟರನ್ನು ಕೊನೆಯ ಪುಟದಿಂದ ಓದಿ

ವಸಂತ್ ಕುಂಜ್‌ನಲ್ಲಿ ಚಳಿ ಇಳಿಯುವ ಹೊತ್ತಿಗೆ ಶಾಲಾ ಶಿಕ್ಷಕರ ಮಾತು ಎರಡೇ ವಿಷಯದ ಸುತ್ತ ಸುತ್ತುತ್ತದೆ. ಒಂದು ಬೋರ್ಡ್ ಪರೀಕ್ಷೆ, ಇನ್ನೊಂದು ‘ಹೊರಗಿನ ಆಫರ್’. ದುಬೈ, ಶಾರ್ಜಾ, ಮಸ್ಕತ್‌ಗಳಲ್ಲಿ ಭಾರತೀಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮ ಶಾಲೆಗಳು ಏಪ್ರಿಲ್‌ನಲ್ಲಿ ಹೊಸ ವರ್ಷ ಆರಂಭಿಸುತ್ತವೆ. ಅದಕ್ಕೆ ಬೇಕಾದ ಶಿಕ್ಷಕರ ಹುಡುಕಾಟ ಕೆಲವು ತಿಂಗಳು ಮೊದಲೇ ಶುರುವಾಗುತ್ತದೆ. ನಮ್ಮ ಬಡಾವಣೆಯಲ್ಲಿ ಖಾಸಗಿ ಶಾಲೆಗಳಿಗೆ ಬರವಿಲ್ಲ. ಹೀಗಾಗಿ ಶಿಕ್ಷಕರಿಗೂ ಬರವಿಲ್ಲ. ಗಂಡನಿಗೋ ಹೆಂಡತಿಗೋ ದೆಹಲಿಗೆ ವರ್ಗವಾಗಿ ಬಂದು, ಇಲ್ಲಿಯ ಶಾಲೆಗಳಲ್ಲಿ ಕೆಲಸ ಹಿಡಿದ ಕನ್ನಡದವರೂ ಅವರಲ್ಲಿದ್ದಾರೆ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಡಿಡಿಎ ಫ್ಲಾಟಿನ ತಾರಸಿಯಲ್ಲಿ ಬಟ್ಟೆ ಒಣಗಿಸುವಾಗ ವಿಮಾನಗಳು ತಲೆಯ ಮೇಲೇ ಹಾದು ಹೋಗುತ್ತವೆ. ಆಸೆ ಹುಟ್ಟಲು ಬೇರೆ ಜಾಹೀರಾತು ಬೇಕಿಲ್ಲ.

ನಾನು ಗುರುಗ್ರಾಮದ ಕಂಪನಿಯೊಂದರಲ್ಲಿ ಎಚ್‌ಆರ್ ಕೆಲಸ ಮಾಡುವವಳು. ಆಫರ್ ಲೆಟರ್ ಬರೆಯುವುದೇ ನನ್ನ ಹೊಟ್ಟೆಪಾಡು. ಈ ಕಾರಣಕ್ಕೆ ವರ್ಷಕ್ಕೆ ಮೂರ್ನಾಲ್ಕು ಜನ ತಮ್ಮ ಪತ್ರ ತಂದು ತೋರಿಸುತ್ತಾರೆ. ಎಲ್ಲರೂ ಮೊದಲ ಪುಟದ ಸಂಬಳದ ಮೊತ್ತಕ್ಕೆ ಬೆರಳಿಟ್ಟೇ ಪತ್ರ ಕೊಡುತ್ತಾರೆ. ನಾನು ಕೊನೆಯ ಪುಟದಿಂದ ಓದಲು ಶುರು ಮಾಡುತ್ತೇನೆ. ಇಂಥ ಪತ್ರದ ಮೊದಲ ಪುಟವನ್ನು ಬರುವವರಿಗಾಗಿ ಬರೆದಿರುತ್ತಾರೆ, ಕೊನೆಯ ಪುಟವನ್ನು ಬಿಟ್ಟು ಹೋಗುವವರಿಗಾಗಿ. ಪರದೇಶದ ಕೆಲಸದಲ್ಲಿ ಕಷ್ಟ ಬರುವುದು ಹೆಚ್ಚಾಗಿ ಬಿಡುವಾಗ.

ಈ ಸಲ ಬಂದವರು ತಿಪಟೂರು ಕಡೆಯ ಇಂಗ್ಲಿಷ್ ಶಿಕ್ಷಕಿ, ನಮ್ಮ ಪಾಕೆಟ್‌ನವರೇ. ಶಾರ್ಜಾದ ಖಾಸಗಿ ಶಾಲೆಯೊಂದು ತಿಂಗಳಿಗೆ 6,000 ದಿರ್ಹಾಮ್ ಮತ್ತು ಇರಲು ಮನೆ ಕೊಡುತ್ತೇನೆಂದಿತ್ತು. ದಿರ್ಹಾಮಿಗೆ 23 ರೂಪಾಯಿ ಹಿಡಿದರೂ 1.38 ಲಕ್ಷ. ಗಂಡ ದೆಹಲಿಯಲ್ಲೇ ಉಳಿಯುವುದು, ಏಳು ವರ್ಷದ ಮಗಳನ್ನು ತಾವು ಕರೆದುಕೊಂಡು ಹೋಗುವುದು ಎಂದು ಮನೆಯಲ್ಲಿ ಮಾತಾಗಿತ್ತು. ಊರಿನಲ್ಲಿ ಕಟ್ಟಿಸುತ್ತಿದ್ದ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತ್ತು. “ಅಕ್ಕ, ಎರಡು ವರ್ಷ ಹಲ್ಲು ಕಚ್ಚಿ ದುಡಿದರೆ ಮನೆ ಮುಗಿಯುತ್ತೆ. ನೋಡಿ ಹೇಳಿ” ಎಂದರು.

ಬಿಟ್ಟು ಹೋಗುವುದೇನು?

ಹೊಸ ಕೆಲಸ ತೂಗುವ ಮೊದಲು ಕೈಯಲ್ಲಿರುವುದನ್ನು ತೂಗಬೇಕು. ದೆಹಲಿಯ ಖಾಸಗಿ ಶಾಲಾ ಶಿಕ್ಷಕರಲ್ಲಿ ಅನೇಕರಿಗೆ ತಮ್ಮ ಕೈಯಲ್ಲಿರುವುದೇನೆಂದು ಗೊತ್ತಿರುವುದಿಲ್ಲ. 1973ರ ದೆಹಲಿ ಶಾಲಾ ಶಿಕ್ಷಣ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಮಾನ್ಯತೆ ಪಡೆದ ಖಾಸಗಿ ಶಾಲೆಯ ಸಿಬ್ಬಂದಿಯ ವೇತನ ಸರ್ಕಾರಿ ಶಾಲೆಯ ಅದೇ ಹುದ್ದೆಯವರಿಗಿಂತ ಕಡಿಮೆ ಇರುವಂತಿಲ್ಲ. ಏಳನೇ ವೇತನ ಆಯೋಗದಂತೆ ಟಿಜಿಟಿ ಹುದ್ದೆಯ ಆರಂಭದ ಮೂಲವೇತನ 44,900 ರೂಪಾಯಿ. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಬೇರೆ. ಇದನ್ನು ಎಲ್ಲ ಶಾಲೆಗಳೂ ಪಾಲಿಸುವುದಿಲ್ಲ, ಅದಕ್ಕಾಗಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಶಿಕ್ಷಕರೂ ಇದ್ದಾರೆ. ಅದೇ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಶಿಕ್ಷಣ ನಿರ್ದೇಶಕರ ಪೂರ್ವಾನುಮತಿ ಇಲ್ಲದೆ ಶಿಕ್ಷಕರನ್ನು ಕೆಲಸದಿಂದ ತೆಗೆಯುವಂತಿಲ್ಲ. ಅನುದಾನರಹಿತ ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ರಕ್ಷಣೆ ದೆಹಲಿಯೊಳಗೆ ಮಾತ್ರ. ನಮ್ಮಿಂದ ಕೂಗಳತೆಯಲ್ಲಿರುವ ಗುರುಗ್ರಾಮ ಹರಿಯಾಣದ್ದು, ಅಲ್ಲಿಗೆ ಈ ಕಾಯ್ದೆ ಬರುವುದಿಲ್ಲ.

ಎರಡನೆಯದು ಗ್ರಾಚ್ಯುಟಿ. ಶಿಕ್ಷಕರಿಗೂ ಅದು ಹಕ್ಕು ಎಂಬುದು 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥವಾಗಿದೆ. ಕಾಯಂ ನೌಕರರಿಗೆ ಐದು ವರ್ಷದ ಸೇವೆ ತುಂಬಿರಬೇಕು. ನಮ್ಮ ಶಿಕ್ಷಕಿಗೆ ಏಪ್ರಿಲ್‌ಗೆ ನಾಲ್ಕೂವರೆ ವರ್ಷ. ಐದು ತುಂಬುವುದು ಅಕ್ಟೋಬರ್‌ನಲ್ಲಿ. ಮೂಲವೇತನ 44,900 ಮಾತ್ರ ಹಿಡಿದು ವರ್ಷಕ್ಕೆ ಹದಿನೈದು ದಿನದ ಲೆಕ್ಕ ಹಾಕಿದರೂ ಐದು ವರ್ಷಕ್ಕೆ ಸುಮಾರು 1.30 ಲಕ್ಷ ರೂಪಾಯಿ. ಶಾರ್ಜಾದ ಒಂದು ತಿಂಗಳ ಸಂಬಳದಷ್ಟು ದುಡ್ಡನ್ನು ಆರು ತಿಂಗಳ ಅವಸರಕ್ಕೆ ಬಿಟ್ಟು ಹೋಗಬೇಕಿತ್ತು. ಇದನ್ನು ಅವರು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

ಆರು ಸಾವಿರ ನಿಜಕ್ಕೂ ಎಷ್ಟು?

ಪತ್ರದಲ್ಲಿ 6,000 ಎಂದಷ್ಟೇ ಇತ್ತು. ಮೂಲವೇತನ ಎಷ್ಟು, ಭತ್ಯೆ ಎಷ್ಟು ಎಂದು ಬಿಡಿಸಿರಲಿಲ್ಲ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲವೇತನದ ಮೇಲೆ ನಿಂತಿದೆ: ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲವೇತನ. ಮೂರು ವರ್ಷ ದುಡಿದರೆ, ಮೂಲವೇತನ 2,500 ಇದ್ದವರಿಗೆ 5,250 ದಿರ್ಹಾಮ್ ಸಿಗುತ್ತದೆ, 4,000 ಇದ್ದವರಿಗೆ 8,400. ಇಬ್ಬರ ಒಟ್ಟು ಸಂಬಳ ಒಂದೇ, ಹೊರಡುವಾಗ ಕೈಗೆ ಬರುವುದು ಬೇರೆ ಬೇರೆ.

ಆಮೇಲೆ ರಜೆ. ಅಲ್ಲಿ ಬೇಸಿಗೆ ರಜೆ ಜುಲೈ–ಆಗಸ್ಟ್‌ನಲ್ಲಿ. ಊರಿನ ಮದುವೆ, ಜಾತ್ರೆಗಳೆಲ್ಲ ಏಪ್ರಿಲ್–ಮೇನಲ್ಲಿ ಮುಗಿದು ಆಷಾಢ ಕಾಲಿಟ್ಟ ಮೇಲೆ ನೀವು ಬರುತ್ತೀರಿ. ಎಲ್ಲ ಶಾಲೆಗಳಿಗೂ ಆಗಲೇ ರಜೆಯಾದ್ದರಿಂದ ವಿಮಾನದ ದರವೂ ಆಗಲೇ ಏರಿರುತ್ತದೆ. ಇದಕ್ಕಿಂತ ಮುಖ್ಯವಾದ ಪ್ರಶ್ನೆ, ಆ ಎರಡು ತಿಂಗಳಿಗೆ ಸಂಬಳ ಉಂಟೇ? ಮೊದಲ ವರ್ಷವೂ ಉಂಟೇ? ವರ್ಷಕ್ಕೆ ಹತ್ತೇ ತಿಂಗಳ ಸಂಬಳವಾದರೆ ಆರು ಸಾವಿರ ಎಂಬುದು ಐದು ಸಾವಿರವಾಗುತ್ತದೆ. ಅದರಲ್ಲಿ ಮಗಳ ಶಾಲಾ ಶುಲ್ಕ ಕಳೆಯಬೇಕು. ಸಿಬ್ಬಂದಿಯ ಮಕ್ಕಳಿಗೆ ರಿಯಾಯಿತಿ ಎಷ್ಟು, ಎಷ್ಟು ಮಕ್ಕಳಿಗೆ ಎಂಬುದು ಪತ್ರದಲ್ಲೇ ಇರಬೇಕು. ದೆಹಲಿಯ ಬಾಡಿಗೆಯಂತೂ ನಿಲ್ಲುವುದಿಲ್ಲ, ಒಲೆ ಎರಡಾಗುತ್ತದೆ.

ತೆರಿಗೆಯ ವಿಷಯದಲ್ಲಿ ಹೊರಡುವ ತಾರೀಕೂ ಲೆಕ್ಕಕ್ಕೆ ಬರುತ್ತದೆ. ಕೆಲಸಕ್ಕಾಗಿ ವಿದೇಶಕ್ಕೆ ಹೋಗುವ ಭಾರತೀಯರು ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ. ಏಪ್ರಿಲ್‌ನಲ್ಲಿ ಹೊರಟವರಿಗೆ ಚಿಂತೆಯಿಲ್ಲ. ಜನವರಿಯಲ್ಲಿ ಹೊರಟರೆ ಆ ವರ್ಷಕ್ಕೆ ನೀವು ನಿವಾಸಿಯೇ. ಮಾರ್ಚ್‌ವರೆಗಿನ ಅಲ್ಲಿಯ ಸಂಬಳವನ್ನೂ ಇಲ್ಲಿ ತೋರಿಸಬೇಕಾಗುತ್ತದೆ.

ಮನೆಯೂ ಕೆಲಸವೂ ಒಬ್ಬರ ಕೈಯಲ್ಲಿ

‘ಇರಲು ಮನೆ’ ಎಂಬ ಮಾತು ಕೇಳಲು ಹಿತ. ಆದರೆ ಕೆಲಸ ಹೋದ ದಿನ ಮನೆಯೂ ಹೋಗುತ್ತದೆ ಎಂಬುದು ಅದರ ಇನ್ನೊಂದು ಮುಖ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುವ ಖಾಸಗಿ ಶಾಲೆಗಳಲ್ಲೇ ಅತಿ ದೊಡ್ಡದಾಗಿದ್ದ ನೋವಾ ಸಂಸ್ಥೆ 2007ರ ಅಕ್ಟೋಬರ್‌ನಲ್ಲಿ ಕುಸಿದುಬಿತ್ತು. ಅಲ್ಲಿ ದುಡಿಯುತ್ತಿದ್ದ ಸಾವಿರಾರು ವಿದೇಶಿ ಶಿಕ್ಷಕರಿಗೆ ಸಂಬಳ ಬಾಕಿಯಾಯಿತು. ಅದರ ಮೇಲೆ ಇನ್ನೊಂದು ಪೆಟ್ಟು: ಸಂಸ್ಥೆ ಅವರ ಸಂಬಳದಿಂದ ಮನೆ ಬಾಡಿಗೆ ಮುರಿದುಕೊಂಡಿತ್ತು, ಮಾಲೀಕರಿಗೆ ಮಾತ್ರ ಕಟ್ಟಿರಲಿಲ್ಲ. ತಮ್ಮ ಬಾಡಿಗೆ ಸಂದಾಯವಾಗಿದೆ ಎಂದುಕೊಂಡಿದ್ದವರಿಗೆ ಮನೆ ಖಾಲಿ ಮಾಡುವ ಸ್ಥಿತಿ ಬಂತು. ಊರಿಗೆ ಮರಳಲು ದುಡ್ಡಿಲ್ಲದವರಿಗಾಗಿ ಆಸ್ಟ್ರೇಲಿಯಾದ ಕ್ವಾಂಟಾಸ್ ವಿಮಾನ ಸಂಸ್ಥೆ ರಿಯಾಯಿತಿ ದರದ ಟಿಕೆಟ್ ಕೊಟ್ಟಿತು.

ಶಾಲೆ ಕೊಡುವ ಮನೆ ಬೇಡ ಎಂದು ಇದರ ಅರ್ಥವಲ್ಲ. ಮನೆಯ ಬದಲು ಭತ್ಯೆ ಸಿಗುತ್ತದೆಯೇ, ಮನೆಯಾದರೆ ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಕೇ, ಕೆಲಸ ಬಿಟ್ಟ ಮೇಲೆ ಖಾಲಿ ಮಾಡಲು ಎಷ್ಟು ದಿನ ಎಂದು ಕೇಳಿ. ಜೊತೆಗೆ, ಮೂರು ತಿಂಗಳ ಖರ್ಚು ಮತ್ತು ವಾಪಸ್ ಟಿಕೆಟ್ಟಿನ ದುಡ್ಡು ಯಾವಾಗಲೂ ನಿಮ್ಮದೇ ಖಾತೆಯಲ್ಲಿರಲಿ.

ಓದಿದವರ ಕಾಗದ ಯಾರೂ ನೋಡುವುದಿಲ್ಲ

ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಟರೆ ವಲಸೆ ಅನುಮತಿ ಬೇಕು, ಆಗ ಅವರ ಒಪ್ಪಂದದ ಮೇಲೆ ಸರ್ಕಾರದ ಕಣ್ಣು ಬೀಳುತ್ತದೆ. ಬಿ.ಇಡಿ ಮಾಡಿದವರಿಗೆ ಅದು ಬೇಡ. ಅನುಕೂಲವೇನೋ ಹೌದು, ಆದರೆ ನಿಮ್ಮ ಪತ್ರವನ್ನು ನೀವಲ್ಲದೆ ಇನ್ನಾರೂ ಪರಿಶೀಲಿಸುವುದಿಲ್ಲ ಎಂದೂ ಆಯಿತು. ನಡುವೆ ಏಜೆಂಟ್ ಇದ್ದರೆ ಅವರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲಿ ಮಾಡುವಂತಿಲ್ಲ ಎಂದು ಯುಎಇಯ 2021ರ ಕಾರ್ಮಿಕ ಕಾನೂನೂ ಹೇಳುತ್ತದೆ. ‘ವೀಸಾ ಖರ್ಚಿಗೆ’ ಎಂದು ಲಕ್ಷ ಕೇಳಿದರೆ ಅಲ್ಲಿಗೇ ಕೈಮುಗಿಯಿರಿ.

‘ಈಗ ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಿಸೋಣ’ ಎಂಬ ಮಾತು ಬಂದರೂ ಅಷ್ಟೇ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಎಂದು ನಂಬಿಸಿ ಭಾರತದ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಒಯ್ದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಪ್ರವಾಸಿ ವೀಸಾದಲ್ಲಿ ದುಡಿಯುವವರು ಆ ದೇಶದ ಕಾನೂನಿನ ಕಣ್ಣಿಗೆ ನೌಕರರೇ ಅಲ್ಲ. ಸಂಬಳ ಬಾಕಿಯಾದರೆ ದೂರು ಕೊಡುವುದೂ ಕಷ್ಟ.

ಸರ್ಟಿಫಿಕೇಟ್‌ಗಳ ಕೆಲಸ ಮೊದಲೇ ಮುಗಿಸಿಕೊಳ್ಳಿ. ಯುಎಇಗೆ ಪದವಿಪತ್ರದ ಮೇಲೆ ಸಾಮಾನ್ಯವಾಗಿ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಹೀಗೆ ಸಾಲಾಗಿ ಮುದ್ರೆ ಬೀಳಬೇಕು. ರಾಯಭಾರ ಕಚೇರಿ ಇರುವ ಚಾಣಕ್ಯಪುರಿ ನಮಗೆ ಹತ್ತಿರ. ಆದರೆ ಕರ್ನಾಟಕದ ಪದವಿಯ ಮೊದಲ ಮುದ್ರೆ ಬೆಂಗಳೂರಿನದು. ದೂರಶಿಕ್ಷಣದ ಪದವಿಯಾದರೆ ಅದಕ್ಕೆ ಅಲ್ಲಿ ಮಾನ್ಯತೆ ಇದೆಯೇ ಎಂದು ರಾಜೀನಾಮೆಗೆ ಮೊದಲೇ ಕೇಳಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013–14ರಿಂದ ಯುಜಿಸಿ ಮಾನ್ಯತೆ ಇಲ್ಲವಾಗಿ 2018ರಲ್ಲಿ ಮರಳಿತು. ಆ ನಡುವಿನ ವರ್ಷಗಳ ಪದವಿ ಹಿಡಿದವರು ಇದನ್ನು ಮರೆಯುವಂತಿಲ್ಲ. ಮೂಲಪ್ರತಿಗಳನ್ನು ‘ಶಾಲೆಯ ಲಾಕರ್‌ನಲ್ಲಿರಲಿ’ ಎಂದರೆ ಕೊಡಬೇಡಿ. ಪಾಸ್‌ಪೋರ್ಟ್ ಅಂತೂ ಭಾರತ ಸರ್ಕಾರದ ಸ್ವತ್ತು. ಅದನ್ನು ಇಟ್ಟುಕೊಳ್ಳುವ ಹಕ್ಕು ಯಾವ ಶಾಲೆಗೂ ಇಲ್ಲ.

ಆರು ಪ್ರಶ್ನೆ, ಒಂದು ಇಮೇಲ್

ಇಷ್ಟನ್ನೂ ನೋಡಿಕೊಂಡು ನಾವಿಬ್ಬರೂ ಕೂತು ಆರು ಪ್ರಶ್ನೆ ಬರೆದೆವು. ಮೂಲವೇತನ ಎಷ್ಟು? ಮೊದಲ ವರ್ಷದ ಜುಲೈ–ಆಗಸ್ಟ್‌ಗೆ ಸಂಬಳ ಇದೆಯೇ? ಮನೆಯ ಬದಲು ಭತ್ಯೆ ಸಿಗುತ್ತದೆಯೇ? ಮಗಳ ಶುಲ್ಕದಲ್ಲಿ ರಿಯಾಯಿತಿ ಎಷ್ಟು? ವಾರಕ್ಕೆ ಎಷ್ಟು ಪೀರಿಯಡ್? ಮಧ್ಯದಲ್ಲಿ ಬಿಟ್ಟರೆ ಏನು ಕಟ್ಟಬೇಕು, ನೋಟಿಸ್ ಎಷ್ಟು ದಿನ? ಕೊನೆಯದಕ್ಕೆ ಕಾನೂನಿನ ಚೌಕಟ್ಟು ಇದೆ. ಯುಎಇಯಲ್ಲಿ ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಆ ಅವಧಿಯಲ್ಲಿ 14 ದಿನದ ನೋಟಿಸ್ ಕೊಟ್ಟು ಶಾಲೆ ನಿಮ್ಮನ್ನು ಬಿಡಿಸಬಹುದು, ನೀವೂ ಅಷ್ಟೇ ನೋಟಿಸ್ ಕೊಟ್ಟು ದೇಶ ಬಿಡಬಹುದು. ಆಮೇಲೆ ನೋಟಿಸ್ 30ರಿಂದ 90 ದಿನ.

ಇದನ್ನೆಲ್ಲ ಕೇಳಿದರೆ ಕೆಲಸವೇ ಕೈಬಿಟ್ಟು ಹೋದೀತು ಎಂದು ಅವರು ಅಳುಕಿದರು. ಎಚ್‌ಆರ್ ಕಡೆಯವಳಾಗಿ ಹೇಳುತ್ತೇನೆ: ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಯಾರೂ ಆಫರ್ ಕಿತ್ತುಕೊಳ್ಳುವುದಿಲ್ಲ. ಕಿತ್ತುಕೊಂಡರೆ ಅದೇ ಉತ್ತರ.

ಒಂಬತ್ತು ದಿನಕ್ಕೆ ಜವಾಬು ಬಂತು. ಮೂಲವೇತನ 2,500. ಭತ್ಯೆ ಇಲ್ಲ, ಇನ್ನೊಬ್ಬ ಶಿಕ್ಷಕಿಯ ಜೊತೆ ಹಂಚಿಕೊಳ್ಳುವ ಫ್ಲಾಟ್. ಮಗಳಿಗೆ ಅರ್ಧ ಶುಲ್ಕ. ವಾರಕ್ಕೆ 30 ಪೀರಿಯಡ್. ನೋಟಿಸ್ 60 ದಿನ, ಬೇರೇನೂ ಕಟ್ಟಬೇಕಿಲ್ಲ. ಬೇಸಿಗೆ ರಜೆಯ ಸಂಬಳ ಎರಡನೇ ವರ್ಷದಿಂದ. ಸುಳ್ಳಿಲ್ಲದ, ನೇರವಾದ ಉತ್ತರ, ಶಾಲೆ ಕೆಟ್ಟದ್ದೇನಲ್ಲ. ಆದರೆ ಅವರ ಸಂಸಾರಕ್ಕೆ ಲೆಕ್ಕ ಕೂಡಲಿಲ್ಲ. ಮೊದಲ ವರ್ಷ ಹತ್ತು ತಿಂಗಳ ಸಂಬಳ, ಮಗುವಿನ ಜೊತೆ ಹಂಚಿಕೆಯ ಮನೆ, ಇಲ್ಲಿ ಬಿಟ್ಟ ಗ್ರಾಚ್ಯುಟಿ. ಮೂರು ರಾತ್ರಿ ಗಂಡ-ಹೆಂಡತಿ ಕೂತು ಲೆಕ್ಕ ಹಾಕಿ ‘ಈ ವರ್ಷ ಬೇಡ’ ಎಂದರು. ಮುಂದಿನ ಏಪ್ರಿಲ್‌ಗೆ ಜಾಗ ಇಡುತ್ತೀರಾ ಎಂದು ಕೇಳಿದ್ದಕ್ಕೆ, ಆಗ ಮತ್ತೆ ಅರ್ಜಿ ಹಾಕಿ ಎಂದಿತು ಶಾಲೆ. ಬೇಸರವಾಗದೆ ಇರಲಿಲ್ಲ. ಊರಿನ ಮನೆ ಇನ್ನೂ ಲಿಂಟಲ್‌ನಲ್ಲೇ ಇದೆ.

ಅದೇ ತಿಂಗಳು ನನಗೆ ಪರಿಚಯದ ಇನ್ನೊಬ್ಬರು, ಗುರುಗ್ರಾಮದ ಶಾಲೆಯೊಂದರಲ್ಲಿ ಎರಡು ವರ್ಷ ಪಾಠ ಮಾಡಿದ್ದ ಹುಡುಗ, ಹೆಚ್ಚುಕಡಿಮೆ ಇಂಥದೇ ಷರತ್ತಿಗೆ ಒಪ್ಪಿ ಹೊರಟರು. ಒಂಟಿ ಜೀವ, ಹಂಚಿಕೆಯ ಮನೆ ಹೊಸದಲ್ಲ, ಬಿಟ್ಟು ಹೋಗಲು ಗ್ರಾಚ್ಯುಟಿಯೂ ಇಲ್ಲ. ಅವರ ಪಾಲಿಗೆ ಅದು ಒಳ್ಳೆಯ ಆಫರ್. ಪತ್ರ ಒಂದೇ ತರಹದ್ದಾದರೂ ತೂಗುವ ತಕ್ಕಡಿ ಅವರವರ ಮನೆಯದು.

ಕೊನೆಯದಾಗಿ ಒಂದು ಮಾತು. ಆಫರ್ ಬಂದ ಕೂಡಲೇ ನಾವೆಲ್ಲ ಆ ಶಾಲೆಯಲ್ಲಿ ಕೆಲಸ ಮಾಡುತ್ತಿರುವ ಕನ್ನಡದವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತೇವೆ. ಅವರು ಅಲ್ಲಿಯ ಅನ್ನ ಉಣ್ಣುತ್ತಿರುವವರು, ಪಾಪ, ಎಷ್ಟು ಹೇಳಿಯಾರು? ಕಳೆದ ವರ್ಷ ಆ ಶಾಲೆ ಬಿಟ್ಟು ಬಂದವರನ್ನು ಹುಡುಕಿ. ಬಾಕಿ ಸಂಬಳ ಎಷ್ಟು ದಿನಕ್ಕೆ ಬಂತು, ಅನುಭವ ಪತ್ರ ಕೊಟ್ಟರೇ, ಟಿಕೆಟ್ ಯಾರ ದುಡ್ಡಿನದು ಎಂದು ಮೂರೇ ಪ್ರಶ್ನೆ ಕೇಳಿ. ಸಂಬಳದ ಸಾಲನ್ನು ಆಮೇಲೆ ಓದಬಹುದು.